ಮೊದಲು ಗಡಿ ಎಣಿಸಿ, ಆಮೇಲೆ ದಾರಿ ಗುರುತಿಸಿ: ನಮೀಬಿಯಾ, ಬೋಟ್ಸ್ವಾನಾ, ಜಾಂಬಿಯಾ ರಸ್ತೆ ಪ್ರವಾಸದ ತಯಾರಿ

ಆಫ್ರಿಕಾ ಖಂಡದ ಈ ದಕ್ಷಿಣ ತುದಿಯಲ್ಲಿ ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ಫಲಕಗಳು ಇಂಗ್ಲಿಷಿನಲ್ಲಿವೆ, ಮುಖ್ಯ ಹೆದ್ದಾರಿಗಳು ಡಾಂಬರಿನವು. ಕರ್ನಾಟಕದಿಂದ ಹೋದವರಿಗೆ ಓಡಿಸುವುದು ಅಲ್ಲಿ ದೊಡ್ಡ ಸಮಸ್ಯೆಯಲ್ಲ. ಪ್ರವಾಸ ನಿಂತುಹೋಗುವುದು ಗಡಿ ಠಾಣೆಯಲ್ಲಿ, ಒಂದು ಕಾಗದ ಕಡಿಮೆಯಾದಾಗ. ಅದಕ್ಕೇ ನೋಡಬೇಕಾದ ಜಾಗಗಳ ಪಟ್ಟಿಗಿಂತ ಮುಂಚೆ ದಾಟಬೇಕಾದ ಗಡಿಗಳ ಪಟ್ಟಿ ಮಾಡಿ.

ಉದಾಹರಣೆಗೆ ಬಹಳ ಜನ ಹಿಡಿಯುವ ಸುತ್ತೊಂದನ್ನು ತೆಗೆದುಕೊಳ್ಳೋಣ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಬಾಡಿಗೆಯ ಫೋರ್ ವ್ಹೀಲ್ ಡ್ರೈವ್ ಹಿಡಿದು ಗೊಬಾಬಿಸ್ ದಾಟಿ ಬೋಟ್ಸ್ವಾನಾದ ಗಾಂಜಿ, ಮೌನ್, ನಾಟಾ, ಕಸಾನೆ. ಕಝಂಗುಲಾ ಸೇತುವೆ ಮೇಲೆ ಜಾಂಬಿಯಾದ ಲಿವಿಂಗ್‌ಸ್ಟನ್. ಅಲ್ಲಿಂದ ಸೆಶೆಕೆಯಲ್ಲಿ ಗಡಿ ದಾಟಿ, ನಮೀಬಿಯಾದ ಕಟಿಮಾ ಮುಲಿಲೊ, ರುಂಡು ಹಾದು ಮರಳಿ ವಿಂಡ್‌ಹುಕ್. ಹತ್ತಿರ ಹತ್ತಿರ ಮೂರು ಸಾವಿರ ಕಿ.ಮೀ.

ವೀಸಾ: ದೇಶಗಳಲ್ಲ, ಪ್ರವೇಶಗಳು

ಮೇಲಿನ ಸುತ್ತಿನಲ್ಲಿ ದೇಶಗಳು ಮೂರೇ. ಆದರೆ ನಮೀಬಿಯಾವನ್ನು ಎರಡು ಸಲ ಹೊಕ್ಕುತ್ತೀರಿ. ಒಂದೇ ಪ್ರವೇಶದ ವೀಸಾ ಇದ್ದರೆ ಕಟಿಮಾ ಮುಲಿಲೊದಲ್ಲಿ ತಡೆಯುತ್ತಾರೆ, ವಿಮಾನ ಹತ್ತಬೇಕಾದ ಊರು ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ಆಚೆ. ಅರ್ಜಿಯಲ್ಲೇ ಮಲ್ಟಿಪಲ್ ಎಂಟ್ರಿ ಕೇಳಿ, ದಾರಿಯ ದಿನವಾರು ವಿವರ ಲಗತ್ತಿಸಿ.

ಲಿವಿಂಗ್‌ಸ್ಟನ್‌ನಿಂದ ವಿಕ್ಟೋರಿಯಾ ಜಲಪಾತದ ಜಿಂಬಾಬ್ವೆ ಬದಿಯನ್ನೂ ನೋಡುವ ಮನಸ್ಸಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ, ಏಕೆಂದರೆ ಜಾಂಬಿಯಾಕ್ಕೂ ಎರಡನೇ ಪ್ರವೇಶ ಬೇಕು. ಎರಡೂ ದೇಶಗಳಿಗೆ ಸೇರಿ ಕೊಡುವ ಕಾಜಾ ಯೂನಿವೀಸಾ ಇಲ್ಲಿ ಉಪಯೋಗಕ್ಕೆ ಬರುತ್ತದೆ: 50 ಡಾಲರ್, 30 ದಿನ, ಎಷ್ಟು ಸಲ ಬೇಕಾದರೂ ಆಚೀಚೆ ಹೋಗಬಹುದು. ಅದು ಪಟ್ಟಿಯಲ್ಲಿರುವ ದೇಶಗಳ ಪಾಸ್‌ಪೋರ್ಟ್‌ಗಷ್ಟೇ ಸಿಗುತ್ತದೆ, ಹೊರಡುವ ಮುಂಚೆ ಪಟ್ಟಿ ನೋಡಿಕೊಳ್ಳಿ. ಕಝಂಗುಲಾ ಮೂಲಕ ಬೋಟ್ಸ್ವಾನಾಕ್ಕೆ ಹಗಲು ಹೋಗಿಬರಲು ಅದು ಸಾಕು, ರಾತ್ರಿ ತಂಗಲು ಸಾಲದು. ಜಿಂಬಾಬ್ವೆಗೆ ಕಾರು ಒಯ್ಯಬೇಡಿ. ಲಿವಿಂಗ್‌ಸ್ಟನ್‌ನಲ್ಲಿ ನಿಲ್ಲಿಸಿ, 1905ರ ಹಳೇ ಸೇತುವೆಯನ್ನು ನಡೆದೇ ದಾಟಿ. ವಾಹನದ ಒಂದು ಇಡೀ ಸುತ್ತಿನ ಕಾಗದ ಮತ್ತು ಶುಲ್ಕ ಉಳಿಯುತ್ತದೆ.

ಪಾಸ್‌ಪೋರ್ಟ್ ವಾಪಸಾದ ಮೇಲೂ ಆರು ತಿಂಗಳು ಚಾಲ್ತಿಯಲ್ಲಿರಲಿ, ಕನಿಷ್ಠ ಆರು ಪುಟ ಖಾಲಿ ಇರಲಿ. ಪ್ರತಿ ಗಡಿಯಲ್ಲೂ ಹೊರಗಿನದೊಂದು, ಒಳಗಿನದೊಂದು ಮೊಹರು ಬೀಳುತ್ತದೆ. ಮಕ್ಕಳಿದ್ದರೆ ತಂದೆತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಬೇಕು. ಒಬ್ಬರೇ ಕರೆದೊಯ್ಯುತ್ತಿದ್ದರೆ ಇನ್ನೊಬ್ಬರ ನೋಟರಿ ಒಪ್ಪಿಗೆಪತ್ರವೂ ಜೊತೆಗಿರಲಿ.

ವಿಮಾನದ ಟಿಕೆಟ್ಟಿನಲ್ಲೂ ಎರಡು ತೊಡಕುಗಳಿವೆ. ಜೊಹಾನ್ಸ್‌ಬರ್ಗ್‌ನಲ್ಲಿ ಬೇರೆ ಬೇರೆ ಟಿಕೆಟ್ ಜೋಡಿಸಿದ್ದರೆ ಸಾಮಾನು ಬಿಡಿಸಿಕೊಳ್ಳಲು ಇಮಿಗ್ರೇಷನ್ ದಾಟಬೇಕು, ಅದಕ್ಕೆ ದಕ್ಷಿಣ ಆಫ್ರಿಕಾದ ವೀಸಾ ಬೇಕು. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮುಂಚೆಯೇ ಸರ್ಕಾರಿ ಮಾನ್ಯತೆಯ ಕೇಂದ್ರದಲ್ಲಿ ಹಾಕಿಸಿಕೊಳ್ಳಿ, ಏಕೆಂದರೆ ಆ ಎರಡೂ ಊರುಗಳು ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳಲ್ಲಿವೆ. ಅಲ್ಲಿ ವಿಮಾನ ನಿಲ್ದಾಣದಿಂದ ಹೊರಬಿದ್ದು ತಂಗಿ, ಲಸಿಕೆಯ ಹಳದಿ ಕಾರ್ಡು ಇಲ್ಲದೆ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಆ ಕಾರ್ಡು ಕೈಚೀಲದಲ್ಲಿರಲಿ.

ವಾಹನದ ಕಡತ

ಓಡಿಸುವ ಪ್ರತಿಯೊಬ್ಬರಿಗೂ ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಬೇಕು. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ನಿಮ್ಮ ಆರ್‌ಟಿಒ ಕಚೇರಿ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಮೂಲ ಡಿಎಲ್ ಜೊತೆಗಿಲ್ಲದಿದ್ದರೆ ಐಡಿಪಿಗೆ ಬೆಲೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬಾಡಿಗೆ ಕಂಪನಿಯ ಅನುಮತಿಪತ್ರ. ಕಾರು ನಿಮ್ಮ ಹೆಸರಿನಲ್ಲಿಲ್ಲ, ಆದ್ದರಿಂದ ಅದು ಕದ್ದ ಮಾಲಲ್ಲ ಎಂದು ಗಡಿಯಲ್ಲಿ ಸಾಬೀತು ಮಾಡುವುದು ಈ ಪತ್ರವೇ. ಕೌಂಟರಿನಲ್ಲೇ ನಿಂತು ಐದು ಸಂಗತಿ ಓದಿ: ಹೋಗುವ ಪ್ರತಿ ದೇಶದ ಹೆಸರು, ಓಡಿಸುವ ಎಲ್ಲರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ನೋಂದಣಿ ಸಂಖ್ಯೆ, ಎಂಜಿನ್ ಹಾಗೂ ಚಾಸಿಸ್ ಸಂಖ್ಯೆ, ದಿನಾಂಕಗಳು. ಚಾಸಿಸ್ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದಿರುವುದರ ಜೊತೆ ತಾಳೆ ನೋಡಿ. ಟೈಪಿಂಗ್‌ನಲ್ಲಿ ಒಂದು ಅಂಕಿ ತಪ್ಪಿದ್ದರೂ ಜಾಂಬಿಯಾದ ಕಸ್ಟಮ್ಸ್‌ನಲ್ಲಿ ಅರ್ಧ ದಿನ ಹೋಗುತ್ತದೆ. ನೋಂದಣಿ ಪತ್ರದ ದೃಢೀಕೃತ ನಕಲು ಕೇಳಿ ಪಡೆಯಿರಿ, ಜಾಂಬಿಯಾಕ್ಕೆ ಪೊಲೀಸ್ ಕ್ಲಿಯರೆನ್ಸ್ ಬೇಕೇ ಎಂದು ಅಲ್ಲೇ ವಿಚಾರಿಸಿ. ಪ್ರತಿಯೊಂದರದೂ ನಾಲ್ಕು ಜೆರಾಕ್ಸ್ ಇರಲಿ.

ನಮೀಬಿಯಾ, ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾ, ಲೆಸೊಥೊ, ಎಸ್ವಾಟಿನಿ ಒಂದೇ ಕಸ್ಟಮ್ಸ್ ಒಕ್ಕೂಟದಲ್ಲಿವೆ. ಒಕ್ಕೂಟದೊಳಗೆ ನೋಂದಣಿಯಾದ ಕಾರಿಗೆ ಇವುಗಳ ನಡುವೆ ತಾತ್ಕಾಲಿಕ ಆಮದು ಪರವಾನಗಿ ಬೇಕಿಲ್ಲ. ಬೋಟ್ಸ್ವಾನಾದ ಗಡಿ ಠಾಣೆ ಮಾಮುನೊದಲ್ಲಿ ರಸ್ತೆ ಶುಲ್ಕ, ವಿಮೆ ಕಟ್ಟಿದರೆ ಮುಗಿಯಿತು. ಕಝಂಗುಲಾದಲ್ಲಿ ಒಕ್ಕೂಟದಿಂದ ಹೊರಬೀಳುತ್ತೀರಿ, ಕೆಲಸ ಇರುವುದು ಅಲ್ಲೇ. 2021ರ ಮೇ ತಿಂಗಳಲ್ಲಿ ತೆರೆದ 923 ಮೀಟರ್ ಉದ್ದದ ಸೇತುವೆ ಹಳೇ ದೋಣಿಯ ಸಾಲನ್ನು ಕೊನೆಗೊಳಿಸಿತು, ಕಾಗದಗಳನ್ನಲ್ಲ. ಮೊದಲು ಇಮಿಗ್ರೇಷನ್, ಆಮೇಲೆ ಕಸ್ಟಮ್ಸ್‌ನಲ್ಲಿ ಆಮದು ಪರವಾನಗಿ, ನಂತರ ರಸ್ತೆ ತೆರಿಗೆ, ಜಾಂಬಿಯಾದ ಥರ್ಡ್ ಪಾರ್ಟಿ ವಿಮೆ, ಸ್ಥಳೀಯ ಕೌನ್ಸಿಲ್‌ನ ಲೆವಿ. ಕೊನೆಯವಕ್ಕೆ ಜಾಂಬಿಯಾದ ಹಣವಾದ ಕ್ವಾಚಾ ನೋಟು, ಬೇರೆಡೆಗೆ ಸಣ್ಣ ಮುಖಬೆಲೆಯ ಡಾಲರ್ ಇಟ್ಟುಕೊಳ್ಳಿ. ಗೇಟಿನಲ್ಲಿ ಓಡಿಬರುವ ದಲ್ಲಾಳಿಗಳ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ, ಕಿಟಕಿಯ ಹೊರಗೆ ಯಾರಿಂದಲೂ ವಿಮೆ ಕೊಳ್ಳಬೇಡಿ. ಎರಡು ಗಂಟೆ ಹಿಡಿಯುತ್ತದೆಂದು ಲೆಕ್ಕವಿಟ್ಟರೆ ಅವಸರದ ತಪ್ಪುಗಳು ಆಗುವುದಿಲ್ಲ.

ಆಮದು ಪರವಾನಗಿಯನ್ನು ಸೆಶೆಕೆಯಲ್ಲಿ ಹೊರಡುವಾಗ ಒಪ್ಪಿಸಿ ಮೊಹರು ಹಾಕಿಸಲೇಬೇಕು. ಇಲ್ಲದಿದ್ದರೆ ದಾಖಲೆಯಲ್ಲಿ ಕಾರು ಇನ್ನೂ ಜಾಂಬಿಯಾದಲ್ಲೇ ಇರುತ್ತದೆ, ಬಾಕಿ ಸುಂಕ ಕಂಪನಿಯ ತಲೆಗೆ, ಅಲ್ಲಿಂದ ನಿಮ್ಮ ಕಾರ್ಡಿಗೆ.

ಪೊಲೀಸ್ ತಪಾಸಣೆಗೆ ಎರಡು ಕೆಂಪು ತ್ರಿಕೋನ, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ರಿಫ್ಲೆಕ್ಟರ್, ಜ್ಯಾಕ್, ಎರಡು ಸ್ಟೆಪ್ನಿ ಇರಲಿ. ಜಿಂಬಾಬ್ವೆಗೂ ಕಾರು ಒಯ್ಯುವುದೇ ಆದರೆ ಬೆಂಕಿ ನಂದಿಸುವ ಸಿಲಿಂಡರ್ ಕೂಡ.

ದಾರಿ, ಹಗಲು, ಇಂಧನ

ಜೂನ್–ಜುಲೈನಲ್ಲಿ ಸಂಜೆ ಆರರ ಸುಮಾರಿಗೇ ಕತ್ತಲಾಗುತ್ತದೆ. ಕಲಹರಿ ಹೆದ್ದಾರಿಯ ಮೇಲೆ ಕತ್ತೆ, ದನ ಮಲಗಿರುತ್ತವೆ, ನಾಟಾದಿಂದ ಕಝಂಗುಲಾವರೆಗಿನ 300 ಕಿ.ಮೀ.ಯಲ್ಲಿ ಆನೆಗಳು ರಸ್ತೆ ದಾಟುತ್ತವೆ. ಅನೇಕ ಬಾಡಿಗೆ ಕರಾರುಗಳಲ್ಲಿ ಊರ ಹೊರಗೆ ರಾತ್ರಿ ಓಡಿಸಿ ಅಪಘಾತವಾದರೆ ವಿಮೆ ಸಿಗುವುದಿಲ್ಲ. ಆದ್ದರಿಂದ ದಿನಕ್ಕೆ ಡಾಂಬರಿನಲ್ಲಿ 450 ಕಿ.ಮೀ., ಗಡಿ ದಾಟುವ ದಿನ 300 ಮೀರಬೇಡಿ. ವಿಂಡ್‌ಹುಕ್‌ನಿಂದ ಗಡಿಗೇ 300 ಕಿ.ಮೀ. ದಾಟುತ್ತದೆ, ಅಲ್ಲಿಂದ ಗಾಂಜಿಗೆ ಇನ್ನೂ 200. ಮೊದಲ ರಾತ್ರಿ ಗೊಬಾಬಿಸ್‌ನಲ್ಲಿ ಉಳಿಯುವುದೇ ಮೇಲು. ಸಣ್ಣ ಗಡಿ ಠಾಣೆಗಳು ಸಂಜೆಗೇ ಮುಚ್ಚುತ್ತವೆ, ಸಮಯ ವಿಚಾರಿಸದೆ ಹೊರಡಬೇಡಿ.

ಟ್ಯಾಂಕ್ ಅರ್ಧವಾದಾಗ ತುಂಬಿಸಿ. ಮುಂದಿನ ಊರಿನ ಬಂಕ್‌ನಲ್ಲಿ ದಾಸ್ತಾನು ಮುಗಿದಿರಬಹುದು. ಡಾಂಬರಿನಲ್ಲಿ ಟೈರಿನ ಗಾಳಿ 2.2 ಬಾರ್ ಇದ್ದರೆ ಜಲ್ಲಿ ರಸ್ತೆಯಲ್ಲಿ 1.8ರ ಆಸುಪಾಸು, ಆಳ ಮರಳಲ್ಲಿ 1.2ಕ್ಕೆ ಇಳಿಸಿ. ಮರಳಿ ಡಾಂಬರಿಗೆ ಬಂದೊಡನೆ ತುಂಬಿಸದಿದ್ದರೆ ಟೈರು ಬಿಸಿಯಾಗಿ ಒಡೆಯುತ್ತದೆ, ಆದ್ದರಿಂದ ಸಣ್ಣ ಕಂಪ್ರೆಸರ್ ಜೊತೆಗಿರಲಿ. ಜಲ್ಲಿಯ ಮೇಲೆ ಗಂಟೆಗೆ 80 ಕಿ.ಮೀ. ಗರಿಷ್ಠ.

ಕೊನೆಯ ಹಂತದಲ್ಲಿ ರುಂಡು ಮತ್ತು ಗ್ರೂಟ್‌ಫಾಂಟೇನ್ ನಡುವೆ ಮುರುರಾನಿ ತಪಾಸಣೆ ಗೇಟಿದೆ. ಕಾಲುಬಾಯಿ ಜ್ವರ ದಕ್ಷಿಣದ ಜಾನುವಾರುಗಳಿಗೆ ಹರಡದಂತೆ ಹಾಕಿದ ಬೇಲಿ ಅದು, ಹಸಿ ಮಾಂಸ ಬಿಡುವುದಿಲ್ಲ. ರುಂಡುವಿನಲ್ಲೇ ಬೇಯಿಸಿ ಮುಗಿಸಿ. ಅದಕ್ಕೂ ಮುಂಚೆ, ಕಟಿಮಾ ಮುಲಿಲೊ ಕಿಟಕಿಯಲ್ಲಿ ಅಧಿಕಾರಿ ಮೊಹರಿನ ಮೇಲೆ ಕೈಬರಹದಲ್ಲಿ ಬರೆಯುವ ಕೊನೆಯ ದಿನಾಂಕವನ್ನು ಓದಿ. ನಿಮ್ಮ ವಿಮಾನದ ದಿನಕ್ಕಿಂತ ಮುಂಚಿನದಾಗಿದ್ದರೆ ಅಲ್ಲಿಯೇ ತಿದ್ದಿಸಿ, ವಿಮಾನ ನಿಲ್ದಾಣದಲ್ಲಿ ಅದು ತಿದ್ದುಪಡಿಯಲ್ಲ, ದಂಡ.