ಆಷಾಢದ ಗಾಳಿಯಲ್ಲಿ ಕೆರೆ ಹಕ್ಕಿ ನೋಡುವುದು ಹೇಗೆ?

ಆಷಾಢ ಬಂತೆಂದರೆ ಮೈಸೂರು, ಮಂಡ್ಯ ಕಡೆ ಗಾಳಿಯದೇ ಕಾರುಬಾರು. ಇಂಥ ದಿನ ಬೈನಾಕ್ಯುಲರ್ ಬೀರುವಿನಲ್ಲೇ ಬಿಡುವವರು ಜಾಸ್ತಿ. ಆದರೆ ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿದ್ದರೆ ಗಾಳಿಯೇ ಹಕ್ಕಿ ತೋರಿಸುತ್ತದೆ.

ಮೊದಲು ದಿಕ್ಕು ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಅಲೆಯೆಲ್ಲ ಕೆರೆಯ ಪೂರ್ವ ದಡಕ್ಕೆ ಬಡಿಯುತ್ತದೆ. ಪಶ್ಚಿಮ ದಡದಲ್ಲಿ ಮರಗಳಿದ್ದರೆ ಅವುಗಳ ಮರೆಯಲ್ಲಿ ನೀರು ಅಷ್ಟಾಗಿ ಅಲುಗುವುದಿಲ್ಲ. ಬಾತು, ನಾಮದ ಕೋಳಿ ಅಲ್ಲಿಗೇ ಸರಿದಿರುತ್ತವೆ.

ಕೂತ ಹಕ್ಕಿ ಸಾಮಾನ್ಯವಾಗಿ ಗಾಳಿಗೆ ಮುಖ ಕೊಡುತ್ತದೆ. ಬೆನ್ನು ಕೊಟ್ಟರೆ ಪುಕ್ಕವೆಲ್ಲ ಕೆದರುತ್ತದೆ, ಅಲ್ವಾ? ಮೇಲೇಳುವಾಗಲೂ ಗಾಳಿಗೆ ಎದುರಾಗಿಯೇ ಏಳುತ್ತದೆ. ಅಂದರೆ ಗಾಳಿ ನಿಮ್ಮ ಬೆನ್ನಿಗಿದ್ದರೆ ಹಕ್ಕಿಯ ಮುಖ ನಿಮ್ಮ ಕಡೆಗೆ. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮ ದಡದಲ್ಲಿ ನಿಂತರೆ ಬಿಸಿಲೂ ಬೆನ್ನಿಗೇ ಬೀಳುತ್ತದೆ. ಫೋಟೊ ತೆಗೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು!

ಬೆಳಿಗ್ಗೆ ಗಾಳಿ ಬಲಿಯುವ ಮೊದಲೇ ಮಾನಸಗಂಗೋತ್ರಿ ಪಕ್ಕದ ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿಗೋ ಹೋಗಿ. ಗಾಳಿ ಶುರುವಾದ ಮೇಲೆ ಕೂಗು ಕೇಳಿಸುವುದು ಕಷ್ಟ, ಕಣ್ಣನ್ನೇ ನಂಬಬೇಕು. ಜೊಂಡೆಲ್ಲ ಒಂದೇ ಕಡೆ ಬಾಗುತ್ತಿರುವಾಗ ನಾಲ್ಕು ಕಡ್ಡಿ ಮಾತ್ರ ಅಡ್ಡಾದಿಡ್ಡಿ ಅಲ್ಲಾಡಿದರೆ ಅಲ್ಲೇ ನೋಡುತ್ತಿರಿ. ಸ್ವಲ್ಪ ಹೊತ್ತಿಗೆ ಕೆಂಪು ಕೊಕ್ಕಿನ ನೇರಳೆ ಜಂಬುಕೋಳಿ ಹೊರಗೆ ಕಾಲಿಡಬಹುದು. ಕಪ್ಪು-ಬಿಳಿ ಮಿಂಚುಳ್ಳಿಯನ್ನಂತೂ ಗಾಳಿಯಲ್ಲೇ ನೋಡಬೇಕು. ಗಾಳಿಗೆ ಎದುರಾಗಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತದೆ. ಮೈಯೆಲ್ಲ ಅದುರುತ್ತಿದ್ದರೂ ತಲೆ ಮಾತ್ರ ಮೊಳೆ ಹೊಡೆದ ಹಾಗೆ. ಕಣ್ಣು ಮೀನಿನ ಮೇಲೆ. ಆಮೇಲೆ ದಬಕ್ ಎಂದು ಬೀಳುತ್ತದೆ.

ಸಾಮಾನಿನ ವಿಷಯ ಚಿಕ್ಕದು. ಛತ್ರಿ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿಗೆ ದಾರ ಇರಲಿ. ಟ್ರೈಪಾಡ್ ಕಾಲು ಪೂರ್ತಿ ಎಳೆಯಬೇಡಿ, ನಡುವೆ ಬ್ಯಾಗ್ ತೂಗುಹಾಕಿ ನೀವೂ ಕೂತುಬಿಡಿ. ಬೈನಾಕ್ಯುಲರ್ ಆದರೆ ಮೊಣಕೈಯನ್ನು ಮಂಡಿಗೆ ಊರಿ. ತುಂತುರು ಮಳೆಗೆ ಒಂದು ಒಣ ಹತ್ತಿ ಬಟ್ಟೆ ಜೇಬಿನಲ್ಲಿರಲಿ.

ಮಧ್ಯಾಹ್ನಕ್ಕೆ ಕೆಆರ್‌ಎಸ್ ಹಿನ್ನೀರು. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಹತ್ತಿರ ಗಾಳಿ ಮುಖಕ್ಕೇ ರಾಚುತ್ತದೆ, ಒಪ್ಪುತ್ತೇನೆ. ಆದರೆ ಹಳದಿ ಕೊಕ್ಕಿನ ರಿವರ್ ಟರ್ನ್ ಹಕ್ಕಿ ಅಲೆಗಳ ಮೇಲೆ ಗಾಳಿಯಲ್ಲಿ ತೇಲಾಡುವುದನ್ನು ನೋಡಲು ಅಷ್ಟು ಸಹಿಸಬಹುದು. ಅಲೆ ಬಡಿಯುವ ಅಂಚಿಗೆ ಮಾತ್ರ ಇಳಿಯಬೇಡಿ, ಕೆಸರು ಜಾರುತ್ತದೆ.

ಈ ತಿಂಗಳಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗುವುದು ಸುಮ್ನೆ ಪೆಟ್ರೋಲ್ ದಂಡ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಚಳಿಗಾಲದಿಂದ ಬೇಸಿಗೆವರೆಗೆ. ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತಿಗೂ ಚಳಿಗಾಲದವರೆಗೆ ಕಾಯಬೇಕು. ರಂಗನತಿಟ್ಟಿಗೆ ಹೊರಡುವುದಾದರೆ ಮೊದಲು ಫೋನ್ ಮಾಡಿ ಕೇಳಿ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿ ದೋಣಿ ನಿಲ್ಲಿಸುತ್ತಾರೆ.