ನೋವು ಬರುವ ಮೊದಲೇ ದಂತವೈದ್ಯರನ್ನು ಹುಡುಕಿಕೊಂಡೆ

ಹಲ್ಲುನೋವು ಶುರುವಾದ ಮೇಲೆ ಹುಡುಕಲು ಹೊರಟರೆ ಆರಿಸುವ ಮಾತೇ ಇಲ್ಲ. ಯಾರು ಮೊದಲು ಸಿಗುತ್ತಾರೋ ಅವರೇ ನಮ್ಮ ಡಾಕ್ಟರು. ಅದಕ್ಕೇ ಹೊಸ ಜಾಗಕ್ಕೆ ಮನೆ ಬದಲಿಸಿದಾಗ, ಹಲ್ಲೆಲ್ಲ ನೆಟ್ಟಗಿರುವಾಗಲೇ ಹುಡುಕಿದೆ.

ನನಗೆ ಬೇಕಿದ್ದದ್ದು ಜನರಲ್ ಡೆಂಟಿಸ್ಟ್. ತಪಾಸಣೆ, ಕ್ಲೀನಿಂಗ್, ಫಿಲ್ಲಿಂಗ್, ಕ್ಯಾಪ್, ಎಷ್ಟೋ ಸಲ ರೂಟ್ ಕೆನಾಲ್ ಕೂಡ ಇವರೇ ಮಾಡುತ್ತಾರೆ. ದವಡೆಯಲ್ಲಿ ಹೂತುಕೊಂಡ ಹಲ್ಲಿನಂಥ ತೊಡಕಿನ ಕೆಲಸಕ್ಕೆ ಸ್ಪೆಷಲಿಸ್ಟ್ ಹತ್ತಿರ ಕಳಿಸುತ್ತಾರೆ. ಕ್ಲಿನಿಕ್ ಹತ್ತಿರವೇ ಇರಬೇಕು ಅಂತ ಹಟ ಹಿಡಿದೆ. ಒಂದು ಕ್ಯಾಪ್ ಹಾಕಿಸಲೂ ಸಾಮಾನ್ಯವಾಗಿ ಎರಡು ಸಲ ಹೋಗಬೇಕು, ಅಳತೆಗೊಮ್ಮೆ, ಕೂರಿಸಲು ಇನ್ನೊಮ್ಮೆ.

ಸ್ಟಾರ್ ರೇಟಿಂಗ್ ನನಗೆ ಅಷ್ಟು ಉಪಯೋಗಕ್ಕೆ ಬರಲಿಲ್ಲ. 'ನೋವೇ ಆಗಲಿಲ್ಲ' ಅಂತ ಅವತ್ತೇ ಬರೆದವರಿಗೆ ಆ ಫಿಲ್ಲಿಂಗ್ ಎಷ್ಟು ದಿನ ನಿಲ್ಲುತ್ತೆ ಅಂತ ಗೊತ್ತಿರಲ್ಲ, ಅಲ್ವಾ? ಹಾಗಾಗಿ ಅಕ್ಕಪಕ್ಕದವರ ಹತ್ತಿರ 'ಡಾಕ್ಟರು ಒಳ್ಳೆಯವರಾ' ಅಂತ ಕೇಳಲಿಲ್ಲ. 'ಅವರು ಹಾಕಿದ ಫಿಲ್ಲಿಂಗ್ ಎಷ್ಟು ವರ್ಷ ಬಂತು? ಬಿದ್ದುಹೋದಾಗ ಏನಂದರು?' ಅಂತ ಕೇಳಿದೆ. ಸಿಕ್ಕ ಹೆಸರುಗಳು ದಂತವೈದ್ಯರ ನೋಂದಣಿ ಪಟ್ಟಿಯಲ್ಲಿ ಇವೆಯೇ ಅಂತಲೂ ನೋಡಿದೆ.

ಆಮೇಲೆ ಸುಮ್ನೆ ತಪಾಸಣೆಗೆ ಅಂತ ಹೋದೆ. ಒಂದು ಕಡೆ ನಾನು ಬಾಯಿ ಮುಚ್ಚುವ ಮೊದಲೇ ಹುಳುಕುಗಳ ಪಟ್ಟಿ ಬಂತು, ಜೊತೆಗೆ ಇವತ್ತೇ ಮಾಡಿಸಿದರೆ ರಿಯಾಯಿತಿ. ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಇನ್ನೊಂದು ಕಡೆಯ ಡಾಕ್ಟರು ಮೊದಲು ಕೇಳಿದ್ದು ಹಲ್ಲಿನ ವಿಷಯವನ್ನೇ ಅಲ್ಲ. ಶುಗರ್ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ತಗೋತೀರಾ, ಯಾವುದಾದರೂ ಔಷಧಿ ಅಲರ್ಜಿಯಾ? ಆಮೇಲೆ ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯಿಂದ ಒಸಡಿನ ಸಂದುಗಳ ಆಳ ನೋಡಿದರು. 3ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನ ಕೊಡಬೇಕಂತೆ. ನಾಲಿಗೆಯ ಅಂಚು, ಕೆಳಭಾಗ, ಕೆನ್ನೆಯ ಒಳಗೆ ಎಲ್ಲ ನೋಡಿದರು. ಬಾಯಿ ಕ್ಯಾನ್ಸರ್ ಲಕ್ಷಣ ಬೇಗ ಕಣ್ಣಿಗೆ ಬೀಳೋದು ಹೀಗೆ ನೋಡಿದಾಗಲೇ. ನನ್ನನ್ನು ಒಪ್ಪಿಸಿದ್ದು ಮಾತ್ರ ಒಂದು ದವಡೆಹಲ್ಲು. ಎಕ್ಸ್‌ರೇ ತೋರಿಸಿ, 'ಹುಳುಕು ಇನ್ನೂ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ದಾಟಿಲ್ಲ, ಫ್ಲೋರೈಡ್ ಹಚ್ಚಿ ಕಾಯೋಣ, ಈಗಲೇ ಕೊರೆಯೋದು ಬೇಡ' ಅಂದರು. ಕೊರೆದರೆ ದುಡ್ಡು ಬರುತ್ತಿತ್ತು. ಆದರೂ ಬೇಡ ಅಂದರು.

ಸಲಕರಣೆಗಳ ಸೀಲ್ ಮಾಡಿದ ಪ್ಯಾಕೆಟ್ಟನ್ನು ನನ್ನ ಎದುರೇ ಬಿಚ್ಚಿದ್ದರು. ಸಲಕರಣೆಗಳ ಕ್ರಿಮಿಗಳನ್ನು ಹಬೆಯಿಂದ ಕೊಲ್ಲುವ ಮೆಷಿನ್, ಆಟೋಕ್ಲೇವ್ ಬಗ್ಗೆ ಕೇಳಿದೆ. 134 ಡಿಗ್ರಿ ಹಬೆಯಲ್ಲಿ ಇಡುತ್ತೇವೆ ಅಂತ ಅಸಿಸ್ಟೆಂಟ್ ತಡವರಿಸದೆ ಹೇಳಿದರು. ಪ್ಯಾಕೆಟ್ ಮೇಲಿನ ಗುರುತು ಬಣ್ಣ ಬದಲಿಸಿದರೆ ಅದು ಆಟೋಕ್ಲೇವ್‌ಗೆ ಹೋಗಿಬಂದಿದೆ ಅಂತ ಮಾತ್ರ ಅರ್ಥ, ಕ್ರಿಮಿಗಳೆಲ್ಲ ಸತ್ತಿವೆ ಅಂತಲ್ಲ. ಅದಕ್ಕೇ ಮೆಷಿನ್ನನ್ನೂ ಆಗಾಗ ಪರೀಕ್ಷೆ ಮಾಡಬೇಕಾಗುತ್ತದೆ ಅಂತ ಅವರೇ ಬಿಡಿಸಿ ಹೇಳಿದರು.

ಹೊರಡುವಾಗ ಎಕ್ಸ್‌ರೇ ಕಾಪಿ ಮೊಬೈಲಿಗೆ ಹಾಕಿಸಿಕೊಂಡೆ. ರಾತ್ರಿ ಹೊತ್ತು ನೋವು ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ ನಂಬರ್ ತಗೊಂಡೆ. ಆ ದವಡೆಹಲ್ಲನ್ನು 6 ತಿಂಗಳಾದ ಮೇಲೆ ಮತ್ತೆ ನೋಡುತ್ತಾರೆ.