ಎಸ್‌ಎಸ್‌ಪಿಯಲ್ಲಿ ಒಟಿಪಿ ಬಾರದಿದ್ದಾಗ ಸರಿಹೋದದ್ದು ಹೀಗೆ

ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಅರ್ಜಿಗೆ ಆಧಾರ್ ಸಂಖ್ಯೆ ಹಾಕಿದ್ದಾಯಿತು, ಒಟಿಪಿ ಮಾತ್ರ ಬರಲಿಲ್ಲ. ಸಕಲೇಶಪುರದ ಘಟ್ಟದ ಕಡೆ ಮೊದಲು ನೆಟ್‌ವರ್ಕ್ ಮೇಲೆಯೇ ಅನುಮಾನ. ಇಲ್ಲಿ ಕಾರಣ ಬೇರೆ: ಆಧಾರ್‌ಗೆ ಜೋಡಣೆಯಾಗಿದ್ದದ್ದು ಹಳೆಯ ನಂಬರು.

ಇದನ್ನು ಪತ್ತೆ ಮಾಡಲು ಲಾಗಿನ್ ಬೇಡ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ತಾಣದಲ್ಲಿ ಆಧಾರ್ ಸಿಂಧುತ್ವ ಪರೀಕ್ಷಿಸುವ ಪುಟಕ್ಕೆ 12 ಅಂಕಿ, ಕ್ಯಾಪ್ಚಾ ಕೊಟ್ಟರೆ ಜೋಡಣೆಯಾದ ಮೊಬೈಲಿನ ಕೊನೆಯ 3 ಅಂಕಿ ಕಾಣುತ್ತದೆ. ನಿಮ್ಮದಲ್ಲದಿದ್ದರೆ ಎಷ್ಟು ಸಲ ಕೋರಿದರೂ ಕೋಡ್ ಬೇರೆಯವರ ಫೋನಿಗೇ. ನಂಬರ್ ಬದಲಾವಣೆ ಮನೆಯಿಂದಲೇ ಒಟಿಪಿ ಮೂಲಕ ಮಾಡಲು ಹೊರಟು ಸಮಯ ಕಳೆಯುವುದಕ್ಕಿಂತ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡುವುದೇ ಖಚಿತ ದಾರಿ, ದಾಖಲೆ ಕೇಳುವುದಿಲ್ಲ. ಅಂಚೆಯಣ್ಣನ ಕೈಲೂ ಈ ಸೇವೆ ಉಂಟು.

ಕೋಡ್ 6 ಅಂಕಿಯದು, ಬಾಳುವುದು 10 ನಿಮಿಷ. ಒಮ್ಮೆ ಕೋರಿ, ಕಾಯಿರಿ. ಪದೇ ಪದೇ ಒತ್ತಿದರೆ ಯಾವುದು ಹೊಸದೆಂದು ತಿಳಿಯದೆ ಹಳೆಯದನ್ನೇ ತುಂಬುತ್ತೀರಿ.

ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸುವವರು ದಯವಿಟ್ಟು ಅಂಗಡಿಯ ನಂಬರ್ ಕೊಡಬೇಡಿ. ಮುಂದಿನ ವರ್ಷ ಪಾಸ್‌ವರ್ಡ್ ಮರೆತರೆ ಕೀಲಿ ಅವರ ಕೈಲಿರುತ್ತದೆ. ಒಟಿಪಿ ನೀವೇ ಟೈಪ್ ಮಾಡಿ, ಬ್ರೌಸರ್ ಪಾಸ್‌ವರ್ಡ್ ಉಳಿಸಲೇ ಎಂದರೆ ಬೇಡ ಎನ್ನಿ, ಲಾಗ್‌ಔಟ್ ಆಗಿ ಏಳಿ. ‘ಹಣ ಬಂದಿದೆ, ಕೋಡ್ ಹೇಳಿ’ ಎಂಬ ಕರೆ ಮೋಸವೇ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಅರ್ಜಿ ಸಲ್ಲಿಸಿದ ಮೇಲೆ ಬ್ಯಾಂಕ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) ಸ್ಥಿತಿಯನ್ನೂ ನೋಡಿ. ದುಡ್ಡು ಹೋಗುವುದು ಆಧಾರ್‌ಗೆ ಕೊನೆಯದಾಗಿ ಸೀಡ್ ಆದ ಖಾತೆಗೆ.